ಹೊಸ ಸ್ಟೀರಿಯೊ ಹಾಕಿಸಿದ ಮೇಲೆ ರೇಡಿಯೊ ಹಿಡಿಯದಿದ್ದರೆ

"ಎಲ್ಲಾ ಚಲೋ ಐತ್ರಿ, ರೇಡಿಯೊ ಒಂದ ಹಿಡೀವಲ್ದು." ಗಾಡಿಗೆ ಹೊಸ ಸೆಟ್ ಕೂರಿಸಿದ ವಾರದೊಳಗೆ ಕೇಳಿಬರುವ ದೂರು ಇದು. ಬ್ಲೂಟೂತ್ ಸರಿ, ಸ್ಪೀಕರ್ ಸರಿ, ಎಫ್‌ಎಂ ಹಾಕಿದರೆ ಮಾತ್ರ ಬರೀ ಸರಸರ ಸದ್ದು. ಬಹಳಷ್ಟು ಸಲ ಸೆಟ್ ಕೆಟ್ಟಿರುವುದಿಲ್ಲ. ಒಂದು ಸೆಟ್ಟಿಂಗ್ ತಪ್ಪಿರುತ್ತದೆ, ಇಲ್ಲವೇ ಒಂದು ವೈರು ಜೋಡಣೆಯಾಗದೆ ಉಳಿದಿರುತ್ತದೆ.

ಮೊದಲು ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ. ತಗಡಿನ ಶೆಡ್ಡಿನಡಿ ನಿಂತು ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿಯುವಾಗ ಸದ್ದು ಹೋದರೂ ಸೆಟ್ಟನ್ನು ಬೈಯಬೇಡಿ, ಎಫ್‌ಎಂ ಅಲೆಗಳಿಗೆ ಅಲ್ಲಿ ಗುಡ್ಡವೇ ಅಡ್ಡ. ಎಂಜಿನ್ ಆಫ್ ಮಾಡಿ, ಕೀಲಿಯನ್ನು ಎಸಿಸಿಗೆ (ಎಂಜಿನ್ ಚಾಲೂ ಆಗದೆ ಸೆಟ್ಟಿಗೆ ಕರೆಂಟ್ ಬರುವ ಹಂತಕ್ಕೆ) ತಿರುಗಿಸಿ, ವಿಜಯಪುರದವರು ಆಕಾಶವಾಣಿಯ 101.8 ಹಾಕಿ ನೋಡಿ.

ಹಾಕಲು ಹೋದರೆ ಪರದೆ 101.7ರಿಂದ ನೇರ 101.9ಕ್ಕೆ ಜಿಗಿಯುತ್ತದೆಯೇ? ಹಾಗಿದ್ದರೆ ಏನನ್ನೂ ಬಿಚ್ಚುವ ಮೊದಲು ಸೆಟ್ಟಿಂಗ್ ತೆರೆಯಿರಿ. ಸೆಟ್ ಅಮೆರಿಕದ ಏರಿಯಾದಲ್ಲಿದೆ. ಅಲ್ಲಿ ಎಫ್‌ಎಂ 0.2ರ ಹೆಜ್ಜೆಯಲ್ಲಿ, ಬೆಸ ಅಂಕಿಗಳ ಮೇಲಷ್ಟೇ ನಡೆಯುತ್ತದೆ. 101.8 ಅದಕ್ಕೆ ಸಿಗುವುದೇ ಇಲ್ಲ. ಪಕ್ಕದ ಅಂಕಿಯಲ್ಲಿ ನಿಲ್ಲಿಸಿದರೆ ಧ್ವನಿ ಬರುತ್ತದೆ, ಆದರೆ ಮಾತಿನಲ್ಲಿ ಸ, ಶ ಬಂದಾಗಲೆಲ್ಲ ಚಿರ್ ಎಂದು ಒಡೆಯುತ್ತದೆ. ಎಎಂ ಕಥೆಯೂ ಇದೇ. ಧಾರವಾಡ ಕೇಂದ್ರ 765 ಕಿಲೋಹರ್ಟ್ಜ್. ನಮ್ಮಲ್ಲಿ ಹೆಜ್ಜೆ 9, ಅಮೆರಿಕದಲ್ಲಿ 10. ಹಾಗಾಗಿ ಸೆಟ್ 760, 770 ತೋರಿಸಿ 765 ಅನ್ನು ದಾಟಿಬಿಡುತ್ತದೆ. ಏರಿಯಾ ಅಥವಾ ಟ್ಯೂನರ್ ಸ್ಟೆಪ್ ಎಂಬಲ್ಲಿ ಯುರೋಪ್ ಇಲ್ಲವೇ ಏಷ್ಯಾ ಆಯ್ದುಕೊಳ್ಳಿ. ಆಂಡ್ರಾಯ್ಡ್ ಸೆಟ್‌ಗಳಲ್ಲಿ ಇದು ಹೆಚ್ಚಾಗಿ ಪಾಸ್‌ವರ್ಡ್ ಕೇಳುವ ಫ್ಯಾಕ್ಟರಿ ಸೆಟ್ಟಿಂಗ್ ಒಳಗಿರುತ್ತದೆ, ಫಿಟಿಂಗ್ ಮಾಡಿದವರಿಂದ ಕೇಳಿ ಪಡೆಯಿರಿ. ಬದಲಾಯಿಸಿದರೆ ಉಳಿಸಿಟ್ಟ ಸ್ಟೇಷನ್‌ಗಳು ಅಳಿಸಿಹೋಗಬಹುದು. ಹುಡುಕುವಾಗ ಸೆಟ್ ಸ್ಟೇಷನ್‌ಗಳನ್ನು ಬಿಟ್ಟು ಓಡುತ್ತಿದ್ದರೆ ಜೋರಾದ ಸ್ಟೇಷನ್‌ಗಳಲ್ಲಷ್ಟೇ ನಿಲ್ಲಿಸುವ ಲೋಕಲ್ ಎಂಬ ಆಯ್ಕೆಯನ್ನೂ ಆಫ್ ಮಾಡಿ.

ಅಂಕಿ ಸರಿ ಇದ್ದೂ ಸದ್ದು ಬರದಿದ್ದರೆ ಸೆಟ್ ಹೊರಗೆಳೆಯಬೇಕು. 10 ಎಂಎಂ ಪಾನಾದಿಂದ ಬ್ಯಾಟರಿಯ ಮೈನಸ್ ಬಿಚ್ಚಿಯೇ ಕೈ ಹಾಕಿ. ಹಿಂದೆ ಆಂಟೆನಾ ಪಿನ್ ಬುಡದವರೆಗೆ ಕೂತಿದೆಯೇ ನೋಡಿ. ಅರ್ಧ ಕೂತ ಪಿನ್, ಸೆಟ್ ಒಳಗೆ ತಳ್ಳುವಾಗ ಜಜ್ಜಿದ ಕೇಬಲ್, ಸಡಿಲ ಅಡಾಪ್ಟರ್ ಇವೆಲ್ಲ ಸಾಮಾನ್ಯ.

ಆದರೆ ಹೆಚ್ಚಿನ ಪೆಟ್ಟು ಬೀಳುವುದು ಬೂಸ್ಟರ್ ವಿಷಯದಲ್ಲಿ. ಛಾವಣಿಯ ಮೇಲಿನ ಗಿಡ್ಡ ಆಂಟೆನಾದ ಬುಡದಲ್ಲಿ, ಇಲ್ಲವೇ ಹಿಂದಿನ ಗಾಜಿನ ಆಂಟೆನಾದ ಪಕ್ಕದಲ್ಲಿ ಒಂದು ಪುಟ್ಟ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ 12 ವೋಲ್ಟ್ ಬೇಕು. ಕಂಪನಿ ಸೆಟ್ ಅದನ್ನು ತಾನೇ ಕೊಡುತ್ತಿತ್ತು. ಹೊಸ ಸೆಟ್‌ನಲ್ಲಿ ಆ ಕೆಲಸ ನೀಲಿ ವೈರಿನದು. ಬಹಳ ಗಾಡಿಗಳಲ್ಲಿ ಆ ನೀಲಿ ವೈರು ಕಪ್ಪು ಟೇಪು ಸುತ್ತಿಕೊಂಡು, ಮಡಚಿದಂತೆಯೇ ಸೆಟ್ಟಿನ ಹಿಂದೆ ಮಲಗಿರುತ್ತದೆ. ಕರೆಂಟ್ ಸಿಗದ ಬೂಸ್ಟರ್ ಸಿಗ್ನಲ್ಲನ್ನು ಹೆಚ್ಚಿಸುವುದು ಹಾಗಿರಲಿ, ಬಂದದ್ದನ್ನೂ ತಡೆದು ನಿಲ್ಲಿಸುತ್ತದೆ.

ಗಾಡಿಯಲ್ಲಿ ಬೂಸ್ಟರ್‌ಗೆ ಬೇರೆ ವೈರು ಇದ್ದರೆ ಕೆಲಸ ಸುಲಭ. ಐಎಸ್‌ಒ ಕನೆಕ್ಟರ್ (ಗಾಡಿಯ ವೈರುಗಳನ್ನು ಸೆಟ್ಟಿಗೆ ಸೇರಿಸುವ ಒಂದು ಬಗೆಯ ಪ್ಲಗ್) ಇರುವಲ್ಲಿ ಅದು ಪವರ್ ಬ್ಲಾಕಿನ 5ನೇ ಪಿನ್. ಸೆಟ್ಟಿನ ನೀಲಿ ವೈರನ್ನು ಅದಕ್ಕೆ ಬೆಸುಗೆ ಹಾಕಿ ಸ್ಲೀವ್ ಹಾಕಿ. ಪೋಲೊ, ವೆಂಟೊ, ರಾಪಿಡ್ ಥರದ ಗಾಡಿಗಳಲ್ಲಿ ಬೇರೆ ವೈರೇ ಇಲ್ಲ, ಆಂಟೆನಾ ಕೇಬಲ್ ಒಳಗಿಂದಲೇ 12 ವೋಲ್ಟ್ ಹೋಗಬೇಕು. ಅದಕ್ಕೆ ಗಾಡಿಯ ಫಾಕ್ರಾ ಪಿನ್ನನ್ನು ಸೆಟ್ಟಿನ ಡಿನ್ ಪಿನ್ನಿಗೆ ಬದಲಿಸುವ, ಜೊತೆಗೆ ಕೇಬಲ್ಲಿಗೆ 12 ವೋಲ್ಟನ್ನೂ ಸೇರಿಸುವ ಫ್ಯಾಂಟಮ್ ಪವರ್ ಅಡಾಪ್ಟರ್ ತರಬೇಕು. ಬರೀ ಪಿನ್ ಬದಲಿಸುವ ಅಗ್ಗದ ಅಡಾಪ್ಟರ್ ನೋಡಲು ಥೇಟ್ ಹಾಗೇ ಇರುತ್ತದೆ. ಬದಿಯಿಂದ ಒಂದು ನೀಲಿ ವೈರು ಹೊರಬಂದಿದೆಯೇ ನೋಡಿ ಕೊಳ್ಳಿ. ಆ ವೈರನ್ನು ಸೆಟ್ಟಿನ ನೀಲಿಗೆ, ಅದಿಲ್ಲದಿದ್ದರೆ ನೀಲಿ-ಬಿಳಿಗೆ ಸೇರಿಸಿ. ಹಳದಿಗೆ ಸೇರಿಸಬೇಡಿ, ಅದು ಸದಾ ಚಾಲೂ ಇರುವ ವೈರು, ಗಾಡಿ ನಿಂತಾಗಲೂ ಬ್ಯಾಟರಿ ತಿನ್ನುತ್ತದೆ. ಬೂಸ್ಟರ್ ಇಲ್ಲದ ಆಂಟೆನಾಕ್ಕೆ ಈ ಅಡಾಪ್ಟರ್ ಬೇಡವೇ ಬೇಡ.

ಬ್ಯಾಟರಿ ಸೇರಿಸಿ, ರೇಡಿಯೊ ಚಾಲೂ ಮಾಡಿ, ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಅಡಾಪ್ಟರಿನ ಆಂಟೆನಾ ಕಡೆಯ ನಡುಪಿನ್ ಮತ್ತು ಹೊರಕವಚದ ನಡುವೆ ಅಳೆಯಿರಿ. 12ರ ಆಸುಪಾಸು ತೋರಿಸಿದರೆ ಸರಿ. ಸೊನ್ನೆ ಬಂದರೆ ನೀಲಿ ವೈರಿನ ಜೋಡಣೆ ಮತ್ತೆ ನೋಡಿ.

ಬೂಸ್ಟರ್ ಇಲ್ಲದ ಉದ್ದ ಕಡ್ಡಿಯ ಆಂಟೆನಾ ಇದ್ದರೆ ಬ್ಯಾಟರಿ ಬಿಚ್ಚಿ, ಪಿನ್ನನ್ನು ಸೆಟ್ಟಿನಿಂದ ಕಿತ್ತು ಓಮ್ಸ್‌ನಲ್ಲಿ ಅಳೆಯಿರಿ. ನಡುಪಿನ್‌ನಿಂದ ಕಡ್ಡಿಗೆ, ಹೊರಕವಚದಿಂದ ಬಾಡಿಗೆ, ಎರಡೂ ಕಡೆ 1 ಓಮ್‌ಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಬುಡದ ನಟ್ಟಿನಡಿ ತುಕ್ಕು ಹಿಡಿದಿದೆ, ಪಾಲಿಶ್ ಪೇಪರಿನಿಂದ ತಿಕ್ಕಿ ಬಿಗಿ ಮಾಡಿ. ಚಂದಕ್ಕೆಂದು ಕಡ್ಡಿ ಕಿತ್ತು ನಾಲ್ಕು ಬೆರಳಿನ ತುಂಡು ಹಾಕಿಸಿದ್ದರೆ ಹಳೆಯದನ್ನೇ ವಾಪಸ್ ಹಾಕಿ. ಎಫ್‌ಎಂಗೆ ತಕ್ಕ ಉದ್ದ ಸುಮಾರು 75 ಸೆಂಟಿಮೀಟರ್. ಸಿಂದಗಿ, ಇಂಡಿ ಕಡೆ ಸಾಗಿದಂತೆ ಆ ವ್ಯತ್ಯಾಸ ಕಿವಿಗೆ ಬೀಳುತ್ತದೆ.

ಇನ್ನೊಂದು ಬಗೆ: ಎಂಜಿನ್ ಆಫ್ ಇದ್ದಾಗ ಸ್ಪಷ್ಟ, ಚಾಲೂ ಮಾಡಿದ ಕೂಡಲೇ ಕೊಂಯ್ ಎಂಬ ಸದ್ದು, ಎಕ್ಸಿಲೇಟರ್ ಒತ್ತಿದಷ್ಟೂ ಏರುತ್ತದೆ. ಇದು ಅರ್ತಿಂಗ್ ದೋಷ. ಸೆಟ್ಟಿನ ಕಪ್ಪು ವೈರನ್ನು ಬಣ್ಣ ಕೆರೆದ ಬಾಡಿ ಲೋಹಕ್ಕೆ ಬೋಲ್ಟಿನಿಂದ ಬಿಗಿಯಿರಿ. ಎಂಜಿನ್‌ಗೂ ಸದ್ದಿಗೂ ಸಂಬಂಧವಿಲ್ಲದಿದ್ದರೆ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್, ಎಲ್‌ಇಡಿ ಹೆಡ್‌ಲೈಟ್ ಇವನ್ನು ಒಂದೊಂದಾಗಿ ಕಿತ್ತು ಕೇಳಿ. ಯಾವುದನ್ನು ಕಿತ್ತಾಗ ಸದ್ದು ನಿಲ್ಲುತ್ತದೋ ಅದರ ವೈರಿಗೆ ಫೆರೈಟ್ ಕ್ಲಿಪ್ (ಅಡ್ಡ ಸದ್ದನ್ನು ತಗ್ಗಿಸುವ ಪುಟ್ಟ ಕಪ್ಪು ಉರುಳೆ) ಹಾಕಿ, ಆಂಟೆನಾ ಕೇಬಲ್ಲಿನಿಂದ ದೂರ ಸರಿಸಿ.

ಪ್ಯಾನಲ್ ಒತ್ತಿ ಮುಚ್ಚುವ ಮುನ್ನ 101.8 ಇನ್ನೊಮ್ಮೆ ಹಾಕಿ ಕೇಳಿ. ಸೆಟ್ ಒಳಗೆ ತಳ್ಳುವಾಗ ಇನ್ನೊಂದು ಕೈಯಲ್ಲಿ ಆಂಟೆನಾ ಕೇಬಲ್ಲನ್ನು ಬದಿಗೆ ಹಿಡಿದಿರಿ, ಅದು ಸೆಟ್ಟಿನ ಬೆನ್ನಿಗೆ ಸಿಕ್ಕಿ ಮಡಚಬಾರದು.