ಅಜ್ಜಿಯ ಬೇಜಾರಿಗೆ ಎಷ್ಟು ಮಾರ್ಕು? ಥೀಸಿಸ್ ಪ್ರಶ್ನಾವಳಿ ಹಿಡಿದು ಊರಿಗೆ ಹೊರಡುವ ಮುನ್ನ

ಮಂಡ್ಯದ ಕಡೆ ಒಂದು ಹಳ್ಳಿ. ಜಗಲಿ ಮೇಲೆ ಕೂತಿದ್ದ ಅಜ್ಜಿಯನ್ನು ಕೇಳಿದೆ: "ಅಜ್ಜಿ, ಹೋದ ಎರಡು ವಾರದಲ್ಲಿ ಬೇಜಾರು ಆಗಿತ್ತಾ?"

"ದಿನಾ ಬೇಜಾರೇ ಕಣವ್ವ."

ಖಿನ್ನತೆ ಅಳೆಯುವ ಫಾರಂನಲ್ಲಿ 3, ಅಂದರೆ 'ಹೆಚ್ಚುಕಮ್ಮಿ ದಿನಾ', ಅಂತ ಗುರುತು ಹಾಕಿದೆ. ಎದ್ದು ಹೊರಡುವಾಗ ಅಜ್ಜಿ ಮಾತು ಮುಂದುವರಿಸಿದರು: "ಟಿವಿ ಕೆಟ್ಟೋಗದೆ. ಸಂಜೆಗಂಟ ಹೊತ್ತೇ ಹೋಗಕಿಲ್ಲ."

ಅವರದು ಹೊತ್ತು ಹೋಗದ ಬೇಜಾರು. ನಾನು ಬರೆದುಕೊಂಡದ್ದು ಖಿನ್ನತೆ. ಮಾರನೆ ದಿನ ಹೋಗಿ ಕೇಳಿದ್ದರೂ ಅದೇ ಉತ್ತರ ಸಿಗುತ್ತಿತ್ತು, ಮತ್ತೆ 3. ಪ್ರತಿ ಸಲ ಒಂದೇ ಉತ್ತರ ಬಂದರೆ ಅದು ರಿಲಯಬಿಲಿಟಿ. ನೀವು ಅಳೆಯಲು ಹೊರಟದ್ದನ್ನೇ ಅಳೆದಿದ್ದೀರಾ ಅನ್ನುವುದು ವ್ಯಾಲಿಡಿಟಿ. ನನ್ನ ಹತ್ತಿರ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ.

ಆರು ವರ್ಷ ಹೀಗೆ ಮನೆಮನೆ ಸುತ್ತಿ, ಈಗ ಪಿಜಿ ಮಕ್ಕಳ ಪ್ರಶ್ನಾವಳಿ ತಿದ್ದಿಕೊಡುತ್ತೇನೆ. ಬಂದವರೆಲ್ಲ ಮೊದಲು ಕೇಳುವುದು "ಮೇಡಂ, ಸ್ಯಾಂಪಲ್ ಎಷ್ಟು ಬೇಕು?" ಅಂತ. ಆ ಲೆಕ್ಕ ಅರ್ಧ ಗಂಟೆಯ ಕೆಲಸ. ಪ್ರಶ್ನೆ ಸರಿ ಮಾಡುವುದಕ್ಕೆ ತಿಂಗಳು ಬೇಕು.

ಹೆಚ್ಚಿನವರು ತರುವುದು ಪಿಎಚ್‌ಕ್ಯೂ-9 ಅನ್ನುವ ಖಿನ್ನತೆಯ ಪ್ರಶ್ನಾವಳಿ. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. 10 ಅಥವಾ ಜಾಸ್ತಿ ಬಂದರೆ ಖಿನ್ನತೆ ಇರಬಹುದು ಅಂತ ಲೆಕ್ಕ. ಕ್ರೋಂಕೆ, ಸ್ಪಿಟ್ಜರ್, ವಿಲಿಯಮ್ಸ್ ಅನ್ನುವವರು 2001ರಲ್ಲಿ ಪ್ರಕಟಿಸಿದ್ದು. ಪರೀಕ್ಷೆ ಮಾಡಿದ್ದು ಅಮೆರಿಕದ ಕ್ಲಿನಿಕ್‌ಗಳಿಗೆ ಬಂದವರ ಮೇಲೆ, ಜಗಲಿ ಮೇಲಿನ ಅಜ್ಜಿಯ ಮೇಲಲ್ಲ. ಕನ್ನಡ ಅನುವಾದ ಸಿಗುತ್ತದೆ, ಮೊದಲು ಅದನ್ನೇ ನೋಡಿ. ಆದರೆ ಅನುವಾದ ಇದೆ ಅಂದಮಾತ್ರಕ್ಕೆ ನಿಮ್ಮ ಊರಲ್ಲಿ ಅದು ನಡೆಯುತ್ತದೆ ಅಂತಲ್ಲ.

ನೀವೇ ಅನುವಾದ ಮಾಡುವುದಾದರೆ ಒಬ್ಬರು ಕನ್ನಡಕ್ಕೆ ತರಬೇಕು. ಮೂಲ ನೋಡದ ಇನ್ನೊಬ್ಬರು ವಾಪಸ್ ಇಂಗ್ಲಿಷಿಗೆ ಮಾಡಬೇಕು. ಎಲ್ಲರೂ ಹೇಳುವ ದಾರಿ ಇದು. ಇದರಲ್ಲಿ ಒಂದು ಗುಂಡಿ ಇದೆ. 'ಡಿಪ್ರೆಸ್ಡ್' ಅನ್ನುವುದನ್ನು 'ಖಿನ್ನತೆ' ಅಂತ ಬರೆದರೆ, ವಾಪಸ್ ಬರುವಾಗ ಚೊಕ್ಕವಾಗಿ 'ಡಿಪ್ರೆಶನ್' ಆಗಿಯೇ ಬರುತ್ತದೆ. ಗೈಡಿಗೂ ಖುಷಿ. ಆದರೆ ಅಜ್ಜಿ ಆ ಪದವನ್ನು ಜನ್ಮದಲ್ಲಿ ಕೇಳಿಲ್ಲ. ಓದಿದವರಿಬ್ಬರ ನಡುವೆ ಪದ ಹೋಗಿ ಬಂತು, ಅಷ್ಟೇ.

ಹಾಗಾಗಿ ಪೈಲಟ್‌ಗೂ (ಸಣ್ಣದಾಗಿ ಮಾಡಿ ನೋಡುವ ಸುತ್ತಿಗೂ) ಮೊದಲು ಎಂಟು ಹತ್ತು ಜನರ ಹತ್ತಿರ ಸುಮ್ನೆ ಕೂತು ಮಾತಾಡಿ. ಓದಿದವರು, ಓದದವರು, ಗಂಡಸರು, ಸೊಸೆಯಂದಿರು, ಎಲ್ಲರೂ ಇರಲಿ. ಪ್ರಶ್ನೆ ಓದಿ, "ಇದನ್ನ ನಿಮ್ಮ ಮಾತಲ್ಲಿ ಹೇಳಿ" ಅನ್ನಿ. "ಹೂಂ ಅಂದ್ರಲ್ಲ, ಆಗ ಏನು ನೆನಪಾಯ್ತು?" ಅಂತ ಕೇಳಿ. ನಮಗೆ 'ಬೇಜಾರು' ಒಂದಕ್ಕೇ ನಾಲ್ಕು ಅರ್ಥ ಸಿಕ್ಕವು: ದುಃಖ, ಬೋರು, ಸಿಟ್ಟು, ಮತ್ತೆ ಮಗ ಫೋನ್ ಮಾಡಲಿಲ್ಲ ಅನ್ನುವ ಮುನಿಸು. ಕೊನೆಗೆ 'ಮನಸ್ಸಿಗೆ ದುಃಖ ಆಗೋದು, ಮುಂದೆ ಏನೂ ಒಳ್ಳೇದಾಗಲ್ಲ ಅನ್ನಿಸೋದು' ಅಂತ ಇಟ್ಟೆವು. ಗಮನದ ಪ್ರಶ್ನೆಯಲ್ಲಿ ಪೇಪರ್ ಓದುವ ಉದಾಹರಣೆ ಬರುತ್ತದೆ. ಓದು ಬಾರದವರಿಗೆ ಅಕ್ಕಿ ಆರಿಸುವಾಗ ಅಂತ ಸೇರಿಸಿದೆವು. ಈ ತಿದ್ದುಪಡಿ ಎಲ್ಲ ಮೊದಲೇ ಮುಗಿಯಬೇಕು, ಯಾಕೆ ಮಾಡಿದಿರಿ ಅಂತ ಬರೆದಿಡಬೇಕು. ಮನೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರು ಒಂದೊಂದು ಥರ ಕೇಳಿದರೆ ಮುಗಿಯಿತು ಕಥೆ.

ಇನ್ನು ಉತ್ತರದ ಕಡೆ. 'ಕೆಲವು ದಿನ', 'ಅರ್ಧಕ್ಕಿಂತ ಜಾಸ್ತಿ ದಿನ', 'ಹೆಚ್ಚುಕಮ್ಮಿ ದಿನಾ'. ಇದನ್ನು ಓದಿ ಹೇಳಿದರೆ ಜನ "ಆಗ್ತಿರ್ತದೆ" ಅಂದುಬಿಡುತ್ತಾರೆ. ಅದಕ್ಕೆ ಎಷ್ಟು ಹಾಕುತ್ತೀರಿ? ನಾನು 14 ಹುಣಸೆ ಬೀಜ ಇಟ್ಟುಕೊಂಡಿದ್ದೆ. ಎರಡು ವಾರ ಅನ್ನುವ ಬದಲು "ಹೋದ ಸಂತೆಯ ಹಿಂದಿನ ಸಂತೆಯಿಂದ" ಅನ್ನುವುದು. ಆದ ದಿನಕ್ಕೊಂದು ಬೀಜ ಈ ಕಡೆ ಇಡಿ ಅನ್ನುವುದು. ಒಂದರಿಂದ ಏಳು ಬಂದರೆ 1, ಎಂಟರಿಂದ ಹನ್ನೊಂದಕ್ಕೆ 2, ಹನ್ನೆರಡು ಅಥವಾ ಜಾಸ್ತಿ ಬಂದರೆ 3. ಹನ್ನೆರಡು ಅನ್ನುವುದು ನಾವು ಮೊದಲೇ ಕೂತು ಗೊತ್ತು ಮಾಡಿಕೊಂಡದ್ದು. ನೀವು ಎಷ್ಟೇ ಇಟ್ಟುಕೊಳ್ಳಿ, ಡೇಟಾ ನೋಡಿದ ಮೇಲೆ ಬದಲಿಸಬೇಡಿ.

ಸುಸ್ತಿನ ಪ್ರಶ್ನೆ ಬೇರೆ ತಲೆನೋವು. ನಾಟಿ ಸಮಯದಲ್ಲಿ ಗದ್ದೆಯಿಂದ ಬಂದವಳಿಗೆ ಸುಸ್ತಾ ಅಂತ ಕೇಳಿದರೆ ನಗುತ್ತಾಳೆ. ರಕ್ತ ಕಮ್ಮಿ ಇದ್ದರೂ ಸುಸ್ತೇ. ಪ್ರಶ್ನೆ ತೆಗೆಯಬೇಡಿ, ತೆಗೆದರೆ ಬೇರೆಯವರ ಸ್ಕೋರಿನ ಜೊತೆ ಹೋಲಿಸಲು ಆಗುವುದಿಲ್ಲ. ಆದರೆ ಯಾವ ತಿಂಗಳು, ಏನು ಕೆಲಸ, ಹಿಮೋಗ್ಲೋಬಿನ್ ಎಷ್ಟು ಅಂತ ಪಕ್ಕದಲ್ಲಿ ಬರೆದುಕೊಳ್ಳಿ.

ಅತ್ತೆ ಪಕ್ಕದಲ್ಲಿ ಕೂತಿದ್ದರೆ ಸೊಸೆಯ ಸ್ಕೋರು ಸೊನ್ನೆ. ಇಬ್ಬರು ಹೋಗಿ. ಒಬ್ಬರು ಹೊರಗೆ ಅತ್ತೆಗೆ ನಿಧಾನವಾಗಿ ಬಿಪಿ ನೋಡುತ್ತಿರಲಿ.

ಆಮೇಲೆ ಸ್ಕೋರು ನಿಜವಾ ಅಂತ ತಾಳೆ ನೋಡಬೇಕು. ಅದಕ್ಕೆ ಮನೋವೈದ್ಯರು ಕೂತು ಸಂದರ್ಶನ ಮಾಡುತ್ತಾರೆ. ಅವರಿಗೆ ನಿಮ್ಮ ಸ್ಕೋರು ಗೊತ್ತಿರಬಾರದು. ನಾನಿದ್ದ ಒಂದು ಅಧ್ಯಯನದಲ್ಲಿ ನನ್ನ ಫಾರಂ ಅನ್ನು ಫೈಲಿನ ಮೇಲೇ ಪಿನ್ ಮಾಡಿ ಕಳಿಸುತ್ತಿದ್ದರು. 18 ಅಂತ ಕಂಡ ಮೇಲೆ ಡಾಕ್ಟರು ಇನ್ನೇನು ಬರೆಯುತ್ತಾರೆ? ಇಬ್ಬರದೂ ಚೆನ್ನಾಗಿ ತಾಳೆಯಾಯ್ತು, ಪೇಪರೂ ಆಯ್ತು. ನನಗೆ ಅದರ ಮೇಲೆ ಇವತ್ತಿಗೂ ನಂಬಿಕೆಯಿಲ್ಲ. ಇನ್ನೊಂದು ಮಾತು. 10 ದಾಟಿದವರನ್ನು ಮಾತ್ರ ಕಳಿಸಬೇಡಿ. ಕಮ್ಮಿ ಬಂದವರಲ್ಲೂ ಕೆಲವರನ್ನು ಚೀಟಿ ಎತ್ತಿ ಕಳಿಸಿ. ಇಲ್ಲದಿದ್ದರೆ ಖಿನ್ನತೆ ಇದ್ದೂ ಎಷ್ಟು ಜನರನ್ನು ಬಿಟ್ಟಿರಿ ಅಂತ ಹೇಗೆ ಗೊತ್ತಾಗಬೇಕು?

ಕೊನೆಗೆ ಬರೆಯುವಾಗ, "ಊರಲ್ಲಿ ಇಷ್ಟು ಜನರಿಗೆ ಖಿನ್ನತೆ" ಅಂತ ಬರೆಯುವ ಮೊದಲು ಕೈಯಲ್ಲೇ ಒಂದು ಲೆಕ್ಕ ಮಾಡಿ. ಮೂಲ ಅಧ್ಯಯನದಲ್ಲಿ 10ರ ಗೆರೆ, ಖಿನ್ನತೆ ಇದ್ದ ನೂರರಲ್ಲಿ 88 ಜನರನ್ನು ಹಿಡಿದಿತ್ತು. ಇಲ್ಲದ ನೂರರಲ್ಲಿ 88 ಜನರನ್ನು ಸರಿಯಾಗಿ ಬಿಟ್ಟಿತ್ತು. ನಿಮ್ಮೂರಲ್ಲಿ ಸಾವಿರ ಜನ, ಅದರಲ್ಲಿ 50 ಮಂದಿಗೆ ಖಿನ್ನತೆ ಅಂತಿಟ್ಟುಕೊಳ್ಳಿ. 44 ಜನ ಸಿಕ್ಕಿಬಿದ್ದರು. ಉಳಿದ 950ರಲ್ಲಿ ನೂರಕ್ಕೆ 12ರಂತೆ 114 ಜನ ಸುಮ್ನೆ ಸಿಕ್ಕಿಬಿದ್ದರು. ಒಟ್ಟು 158. ಅಂದರೆ ಗೆರೆ ದಾಟಿದ ಪ್ರತಿ ನಾಲ್ವರಲ್ಲಿ ಸುಮಾರು ಮೂವರಿಗೆ ಖಿನ್ನತೆಯೇ ಇಲ್ಲ! ಹಾಗಾಗಿ 'ಖಿನ್ನತೆ ಇದೆ' ಅಲ್ಲ, 'ಮುಂದೆ ಪರೀಕ್ಷೆ ಆಗಬೇಕಾದವರು' ಅಂತ ಬರೆಯಿರಿ.

ಒಂಬತ್ತನೇ ಪ್ರಶ್ನೆ ಮಾತ್ರ ಈ ಲೆಕ್ಕಕ್ಕೆಲ್ಲ ಹೊರಗೆ. ಸಾಯುವ ಯೋಚನೆ ಬರುತ್ತದಾ ಅನ್ನುವುದು ಅದು. ಒಂದೇ ಒಂದು ಬೀಜ ಈ ಕಡೆ ಬಂದರೂ ಒಟ್ಟು ಸ್ಕೋರು ಕೂಡುತ್ತಾ ಕೂರಬೇಡಿ. ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಕರೆದೊಯ್ಯಬೇಕು ಅಂತ ಎಥಿಕ್ಸ್ ಕಮಿಟಿಗೆ ಕೊಡುವ ಅರ್ಜಿಯಲ್ಲೇ ಬರೆದಿರಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫಾರಂ ಮಡಚಿಟ್ಟು ಅವರ ಪಕ್ಕದಲ್ಲಿ ಕೂತುಕೊಳ್ಳಿ. ಅವರ ಫೋನಿಂದಲೋ ನಿಮ್ಮದರಿಂದಲೋ ಅಲ್ಲೇ ಕರೆ ಮಾಡಿಸಿ, ಮನೆಯಲ್ಲಿ ಅವರು ನಂಬುವ ಒಬ್ಬರು ಬರುವ ತನಕ ಎದ್ದು ಹೋಗಬೇಡಿ.