ಹಾಡು ರೆಡಿ, ಈಗ ರಿಲೀಸ್ ಮಾಡೋದು ಹೇಗೆ?

ನಮ್ಮ ಇಂಡಿ ಬ್ಯಾಂಡ್‌ಗಳು ತಿಂಗಳುಗಟ್ಟಲೆ ಕೂತು ಹಾಡು ಕಟ್ತಾರೆ, ಕೊನೇಲಿ ಡಿಸ್ಟ್ರಿಬ್ಯೂಟರ್ (ಹಾಡನ್ನ ಸ್ಪಾಟಿಫೈ ಥರದ ಆ್ಯಪ್‌ಗಳಿಗೆ ಕಳಿಸೋ ಕಂಪನಿ) ಕೊಡೋ ಅಪ್‌ಲೋಡ್ ಫಾರ್ಮ್‌ನ ಅವಸರದಲ್ಲಿ ತುಂಬಿ ಎಡವಟ್ಟು ಮಾಡ್ಕೋತಾರೆ. ಅದಕ್ಕೇ ಇದನ್ನ ಬರೀತಿದೀನಿ.

ಮೊದ್ಲು ಡೇಟ್. ಸ್ಪಾಟಿಫೈ ಎಡಿಟರ್‌ಗಳಿಗೆ ಹಾಡು ಪಿಚ್ ಮಾಡೋದು, ಅಂದ್ರೆ ಪ್ಲೇಲಿಸ್ಟ್‌ಗೆ ಹಾಕಿ ಅಂತ ಕೇಳೋದು, ರಿಲೀಸ್‌ಗಿಂತ ಮುಂಚೆನೇ, ಆಮೇಲೆ ಆಗಲ್ಲ. ಕನಿಷ್ಠ 7 ದಿನ ಮೊದ್ಲು ಪಿಚ್ ಮಾಡಿದ್ರೆ ಫಾಲೋವರ್‌ಗಳ ರಿಲೀಸ್ ರೇಡಾರ್ ಅನ್ನೋ ಹೊಸ ಹಾಡುಗಳ ಪ್ಲೇಲಿಸ್ಟ್‌ಗಾದ್ರೂ ಹೋಗುತ್ತೆ, ಆದ್ರೆ ನೀವು 4 ವಾರ ಇಟ್ಕೊಳ್ಳಿ, ಕಮ್ಮಿ ಬೇಡ.

ಫೈಲ್ ವೇವ್ ಇರ್ಲಿ, ಎಂಪಿ3 ಬೇಡ. ಕವರ್ 3000 ಬೈ 3000 ಪಿಕ್ಸೆಲ್, ಅದರ ಮೇಲೆ ಇನ್‌ಸ್ಟಾ ಐಡಿ, ಸ್ಪಾಟಿಫೈ ಥರದ ಕಂಪನಿಗಳ ಲೋಗೋ ಹಾಕಿದ್ರೆ ರಿಜೆಕ್ಟ್.

ಈಗ ಫಾರ್ಮ್. ಬ್ಯಾಂಡ್ ಹೆಸರನ್ನ ಇಂಗ್ಲಿಷಲ್ಲಿ ಒಂದ್ಸಲ ಡಬಲ್ ಎ, ಇನ್ನೊಂದ್ಸಲ ಸಿಂಗಲ್ ಎ ಹಾಕಿ ಬರೆದ್ರೆ ಎರಡು ಪೇಜ್ ಆಗುತ್ತೆ, ಅದೇ ಹೆಸರಿನ ಬೇರೆ ಬ್ಯಾಂಡ್ ಇದ್ರೆ ನಿಮ್ಮ ಹಾಡು ಹೋಗಿ ಅವರ ಪೇಜಲ್ಲಿ ಕೂತ್ಕೊಳ್ಳುತ್ತೆ, ಹಾಗಾಗಿ ಹಳೇ ಪ್ರೊಫೈಲ್ ಲಿಂಕನ್ನೇ ಕೊಡಿ. ಭಾಷೆ ಜಾಗದಲ್ಲಿ ಎಷ್ಟೋ ಕಡೆ ಇಂಗ್ಲಿಷ್ ಅಂತ ಮೊದ್ಲೇ ಇರುತ್ತೆ, ಎಷ್ಟೋ ಜನ ಅದನ್ನ ಮುಟ್ಟೋದೇ ಇಲ್ಲ, ಕನ್ನಡ ಅಂತ ಬದಲಾಯಿಸಿ. ಟೈಟಲ್‌ನಲ್ಲಿ 'ಹೊಸ ಕನ್ನಡ ಸಾಂಗ್' ಅಂತೆಲ್ಲ ತುರುಕಬೇಡಿ. ಸಾಹಿತ್ಯ, ಸಂಗೀತ ಯಾರದ್ದೋ ಅವರ ಪೂರ್ತಿ ನಿಜವಾದ ಹೆಸರು ಹಾಕಿ, ಯಾರಿಗೆ ಎಷ್ಟು ಪರ್ಸೆಂಟ್ ಅನ್ನೋದನ್ನ ಅಪ್‌ಲೋಡ್‌ಗೆ ಮುಂಚೆನೇ ಬರೆದು ಎಲ್ಲರ ಹತ್ರ ಸೈನ್ ಮಾಡಿಸಿ. ಡಿಸ್ಟ್ರಿಬ್ಯೂಟರ್ ಕೊಡೋದು ರೆಕಾರ್ಡಿಂಗ್ ದುಡ್ಡು, ಬರೆದವರ ಹಾಗೂ ರಾಗ ಹಾಕಿದವರ ರಾಯಲ್ಟಿ ಬೇರೆ, ಅದಕ್ಕೆ ಆ ರಾಯಲ್ಟಿ ವಸೂಲಿ ಮಾಡಿ ಹಂಚೋ ಐಪಿಆರ್‌ಎಸ್ ಅನ್ನೋ ಸಂಸ್ಥೆಗೆ ಮೆಂಬರ್ ಆಗ್ಬೇಕು. ಪ್ರತಿ ರೆಕಾರ್ಡಿಂಗ್‌ನ ಗುರುತಿಗೆ ಐಎಸ್ಆರ್‌ಸಿ ಅಂತ 12 ಅಕ್ಷರ-ಅಂಕಿಗಳ ಕೋಡ್ ಸಿಗುತ್ತಲ್ಲ, ಅದನ್ನ ಎಲ್ಲಾದ್ರೂ ಬರೆದಿಡಿ. ಮುಂದೆ ಡಿಸ್ಟ್ರಿಬ್ಯೂಟರ್ ಬದಲಾಯಿಸಿದಾಗ ಹೊಸ ಕೋಡ್ ತಗೊಂಡ್ರೆ ಹಳೇ ಪ್ಲೇ ಕೌಂಟ್ ಕೈಬಿಟ್ಟ ಹಾಗೆ.

ಯೂಟ್ಯೂಬ್ ಕಂಟೆಂಟ್ ಐಡಿಗೆ (ನಿಮ್ಮ ಹಾಡು ಬೇರೆಯವರ ವಿಡಿಯೋದಲ್ಲಿದ್ರೆ ತಾನೇ ಹುಡುಕಿ ಕ್ಲೇಮ್ ಹಾಕೋ ವ್ಯವಸ್ಥೆ) ಟಿಕ್ ಹಾಕೋಕೆ ಮುಂಚೆ ಯೋಚ್ನೆ ಮಾಡಿ. ಡ್ರಮ್ಸೋ ಫ್ಲೂಟೋ ಯಾರು ಬೇಕಾದ್ರೂ ಬಳಸೋ ರೆಡಿಮೇಡ್ ಲೂಪ್ (ರೆಕಾರ್ಡ್ ಮಾಡಿಟ್ಟ ತುಣುಕು) ಆಗಿದ್ರೆ ಟಿಕ್ ಬೇಡವೇ ಬೇಡ, ಅದೇ ಲೂಪ್ ಬಳಸಿರೋ ಪಾಪದವರ ವಿಡಿಯೋ ಮೇಲೆಲ್ಲ ನಿಮ್ಮ ಕ್ಲೇಮ್ ಬೀಳುತ್ತೆ.

2024ರಿಂದ ಸ್ಪಾಟಿಫೈಲಿ ಹಿಂದಿನ 12 ತಿಂಗಳಲ್ಲಿ 1000 ಸ್ಟ್ರೀಮ್ ಆಗದಿದ್ರೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಹಾಗಂತ 'ಗ್ಯಾರಂಟಿ ಸ್ಟ್ರೀಮ್ಸ್' ಮಾರೋರ ಹತ್ರ ಹೋಗ್ಲೇಬೇಡಿ, ಬಾಟ್ ಪ್ಲೇ (ಸಾಫ್ಟ್‌ವೇರ್ ಆಡಿಸೋ ಸುಳ್ಳು ಪ್ಲೇ) ಸಿಕ್ಕಿಬಿದ್ರೆ ಹಾಡೇ ಕಿತ್ತಾಕ್ಬಹುದು. ಆ ದುಡ್ಡಲ್ಲಿ ಒಂದು ಒಳ್ಳೆ ಲೈವ್ ವಿಡಿಯೋ ಮಾಡಿಸಿ.

ರಿಲೀಸ್ ಆದ ದಿನ ಮ್ಯೂಸಿಕ್ಸ್‌ಮ್ಯಾಚ್ ಅನ್ನೋ ಲಿರಿಕ್ಸ್ ಸೈಟ್‌ನಲ್ಲಿ ಲಿರಿಕ್ಸ್ ಸೇರಿಸಿ, ಕನ್ನಡ ಲಿಪೀಲೇ, ಒತ್ತಕ್ಷರ ಎಲ್ಲ ಸರಿಯಾಗಿ ನೋಡ್ಕೊಂಡು.