ಪುಣೆಯ ಕರಿಗಲ್ಲಿನಲ್ಲಿ ಏಳು ಹೆಡೆ: ನನ್ನ ಅನುಭವ

ಇಲ್ಲಿನ ಕರಿಗಲ್ಲಿನಲ್ಲಿ, ಅಂದರೆ ಬಸಾಲ್ಟಿನಲ್ಲಿ, ನಾಗರ ಮೂರ್ತಿಯ ಏಳು ಹೆಡೆ ಮುರಿಯದೆ ನಿಲ್ಲೋದಿಲ್ಲ, ಕಾರ್ಕಳದ ಕಲ್ಲೇ ತರಿಸು ಅಂತ ಊರ ಕಡೆಯ ಶಿಲ್ಪಿಗಳು ಹೇಳುತ್ತಲೇ ಇದ್ದರು. ಈಗ ನಾನು ಕಡೆದದ್ದು ನಿಂತಿದೆ. ಅಜಂತಾದ 19ನೇ ಗುಹೆಯ ಹೊರಗೆ ನಾಗರಾಜನ ಏಳು ಹೆಡೆ ಇದೇ ಜಾತಿಯ ಕಲ್ಲಿನಲ್ಲಿ 5ನೇ ಶತಮಾನದಿಂದ ಇದೆಯಲ್ಲ! ಗುಟ್ಟೇನೆಂದರೆ ಅಲ್ಲಿ ಹೆಡೆಗಳು ಹಿಂದಿನ ಬಂಡೆಯನ್ನು ಬಿಟ್ಟಿಲ್ಲ.

ಕಾರ್ಕಳದಿಂದ ಲಾರಿ ಬಾಡಿಗೆ ಸೇರಿ 18 ಸಾವಿರದ ಆಸುಪಾಸು ಕೇಳಿದ್ದರು. ಪುಣೆ ಪಕ್ಕದ ವಾಘೋಲಿ ಕಡೆಯ ಕಲ್ಲು ಟೆಂಪೊ ಸೇರಿ 6-7 ಸಾವಿರಕ್ಕೆ ಮುಗಿಯಿತು. ಉಳಿದದ್ದರಲ್ಲಿ ಅರ್ಧವನ್ನು ಡೈಮಂಡ್ ಬ್ಲೇಡುಗಳೇ ತಿಂದವು, ಅದು ಬೇರೆ ಮಾತು. 3 ಅಡಿ ಎತ್ತರ, ಒಂದೂವರೆ ಅಡಿ ಅಗಲ, 8 ಇಂಚು ದಪ್ಪದ ಹಲಗೆ ಸುಮಾರು 250 ಕೆಜಿ ತೂಗುತ್ತದೆ, ಇಳಿಸಲು ನಾಲ್ಕು ಜನ ಬೇಕೇ ಬೇಕು.

ಕಲ್ಲು ಆರಿಸುವಾಗ, ಬಡಿದರೆ ಕಣಕಣ ಸದ್ದು ಬಂದರೆ ಸಾಲದು. ಈ ಕಡೆಯ ಕಲ್ಲಿನ ಹೊಟ್ಟೆಯಲ್ಲಿ ಜಿಯೊಲೈಟ್ ಅನ್ನೋ ಖನಿಜದ ಬಿಳಿ ಗೂಡುಗಳಿರುತ್ತವೆ. ನುಣ್ಣಗೆ ಬಂದ ಹೆಡೆಯ ಮುಖದಲ್ಲೇ ಒಂದು ತೆರೆದುಕೊಂಡರೆ ಕೆಲಸ ಮುಗಿದಂತೆ. ಮೇಲ್ಮೈಯಲ್ಲಿ ಬಿಳಿ ಚುಕ್ಕೆ ಕಂಡ ಕಡೆಯನ್ನು ಬುಡಕ್ಕೆ ಹಾಕಿ. ನೀರು ಸುರಿದು ಒಣಗಲು ಬಿಡಿ, ಎಲ್ಲ ಆರಿದ ಮೇಲೂ ಕಪ್ಪಗೆ ಉಳಿಯುವ ಗೆರೆಯೇ ಬಿರುಕು.

ನನ್ನ ಅನುಭವದಲ್ಲಿ ಹೆಡೆ ಮುರಿಯುವುದು ಉಳಿಯ ಏಟಿಗಿಂತ ಗ್ರೈಂಡರಿನ ನಡುಕಕ್ಕೇ ಹೆಚ್ಚು. ಎರಡು ಹೆಡೆಗಳ ನಡುವಿನ ಸಂದನ್ನು ಮೊದಲೇ ಪೂರ್ತಿ ಸೀಳಿದರೆ ಅಂಚಿನ ಹೆಡೆಗೆ ಆಸರೆ ಇರುವುದಿಲ್ಲ. ನಾನು ಸಂದನ್ನು ಅರ್ಧ ಇಂಚು ಆಳಕ್ಕೆ ಮಾತ್ರ ಗೀರಿ, ನಡುವೆ ಕಲ್ಲಿನ ಪೊರೆ ಉಳಿಸಿ, ಹೆಡೆಯ ಒಳಭಾಗವನ್ನು ಮೊದಲು ತೋಡುತ್ತೇನೆ. ಅಂಚಿನ ಹೆಡೆಗಳಿಂದ ಶುರು, ನಡುವಿನದು ಕೊನೆಗೆ. ಪೊರೆ ತೆಗೆಯುವಾಗ ಗ್ರೈಂಡರ್ ಮುಟ್ಟಬಾರದು, ಸಣ್ಣ ಕಾರ್ಬೈಡ್ ಚಾಣವೇ ಬೇಕು. ಹಿಂದೆ 2 ಇಂಚು ಹಲಗೆ ಪ್ರಭಾವಳಿಯಂತೆ ಉಳಿಯಲಿ. ಪೊರೆಯನ್ನು ಯಾವ ಕಡೆಯಿಂದ ಬಿಡಿಸಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಒಡಲಿನ ಗಂಟುಗಳಲ್ಲಿ ಇನ್ನೊಂದರ ಅಡಿಗೆ ಹೋಗುವ ಸುರುಳಿಯನ್ನು ಅವೆರಡು ಅಡ್ಡಹಾಯುವಲ್ಲೇ ಥಟ್ಟನೆ ಇಳಿಸಬೇಡಿ, 2 ಇಂಚು ಮುಂಚಿನಿಂದ ಇಳಿಜಾರು ಕೊಡಿ. ಇಲ್ಲದಿದ್ದರೆ ಹಾವಲ್ಲ, ಕತ್ತರಿಸಿಟ್ಟ ಪೈಪು.

ಮಧ್ಯೆ ಗೋವಾದ ಜಂಬಿಟ್ಟಿಗೆ ಕಲ್ಲಿನಲ್ಲೂ ಒಂದು ಹೆಡೆ ಕಡೆದು ನೋಡಿದೆ. ತೂತು ತೂತು ಕಲ್ಲು, ಅಂಚು ಹಿಡಿಯಲೇ ಇಲ್ಲ. ಕಟ್ಟೆಗೆ ಸರಿ, ಮೂರ್ತಿಗೆ ಬೇಡ.

ಹಾವಿನ ಹುರುಪೆಯ ಗೀರುಗಳನ್ನು ಮೈತುಂಬ ಹಾಕುವ ಆಸೆ ಬೇಡ. ಅರಿಶಿನ, ಹಾಲು ಅದರಲ್ಲೇ ಕೂತು ಕರೆಗಟ್ಟುತ್ತವೆ. ಕುತ್ತಿಗೆಗೆ ಮಾತ್ರ ಹಾಕಿ, ಉಳಿದ ಮೈಯನ್ನು 220 ಗ್ರಿಟ್‌ನ ನಯದವರೆಗೆ ಉಜ್ಜಿ. ಬುಡದಲ್ಲಿ 6 ಇಂಚು ಕಡೆಯದೆ ಬಿಡಿ, ಕಟ್ಟೆಯೊಳಗೆ ಹೂಳಲು. ಅದನ್ನು ಸೇರಿಸಿಯೇ ಗಿರಾಕಿಗೆ ಎತ್ತರ ಹೇಳಿದರೆ ಪ್ರತಿಷ್ಠೆಯ ದಿನ ಜಗಳ ಗ್ಯಾರಂಟಿ.